ಏಕ್ ಸಾದಾ ಕಡಕ್, ಕನ್ನಡ ಅಕ್ಷರದಲ್ಲಿ

ಅಪ್ಪಯ್ಯಾ,

ಈ ಸಲ ಕಿವಿಯ ಹಿಂದೆ ಕೈ ಇಟ್ಟು "ಎಂತ? ಎಂತ?" ಎಂದು ಕೇಳಬೇಕಾಗಿಲ್ಲ. ನಾನು ಕಿರುಚುವುದೂ ಇಲ್ಲ, ಪಕ್ಕದ ಮನೆಯ ಮಾವ್ಶಿ ಗೋಡೆ ಬಡಿಯುವುದೂ ಇಲ್ಲ. ಬರೆದೇ ಹೇಳುತ್ತೇನೆ, ನಿಧಾನಕ್ಕೆ ಓದಿಕೊಳ್ಳಿ. ಜಗಳದ ಕಾಗದ ಇದು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನು ಮೊದಲ ಸ್ಕ್ರೀನನ್ನು ಡೊಂಬಿವಲಿಯ ಮನೆಗೆ ತಂದ ಭಾನುವಾರ ನೆನಪಿದೆಯಾ? ಕಲ್ಯಾಣದ ನಮ್ಮ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಸ್ಕ್ರೀನಿಗೆ ಒಂದು ಗೆರೆ ಬಂದರೂ ಸಾಕು, ಹೊಸದು ಹಾಕಿ ಹಳೆಯದನ್ನು ಗುಜರಿಗೆ ಎಸೆಯುತ್ತಾರೆ. ಅಂಚಿನಲ್ಲಿ ಒಂದು ಹಸಿರು ಗೆರೆ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದ್ದ ಸ್ಕ್ರೀನದು. ಮಂಚದ ಕೆಳಗೆ ಅಂಥವು ನಾಲ್ಕಾರು ಸೇರಿದ ಮೇಲೆ ನೀವು, "ಇದೆಂತ ಹೆಣೆ, ಮನೆಯಾ ಗುಜರಿ ಅಂಗ್ಡಿಯಾ?" ಎಂದು ಈ ಮಗಳನ್ನು ಬೈಯಲು ಶುರು ಮಾಡಿದಿರಿ. ಲ್ಯಾಪ್‌ಟಾಪಿನಿಂದ ಬಿಚ್ಚಿದ ಸ್ಕ್ರೀನ್ ತಾನಾಗಿ ಬೆಳಗುವುದಿಲ್ಲ, ನಡುವೆ ಒಂದು ಬೋರ್ಡ್ ಜೋಡಿಸಿದರೆ ಟಿವಿಯ ಹಾಗೆ ಏನನ್ನು ಬೇಕಾದರೂ ತೋರಿಸುತ್ತದೆ ಎಂದು ನಾನು ವಿವರಿಸಿದ್ದೇ ವಿವರಿಸಿದ್ದು. ತಪ್ಪು ಕೇಬಲ್ ಚುಚ್ಚಿ ಬೋರ್ಡಿನಿಂದ ಹೊಗೆ ಎದ್ದಾಗ ನೀವು ಪೇಪರಿನಿಂದ ತಲೆ ಎತ್ತದೆ, "ಹೋಮ ಆಯ್ತಾ? ಪ್ರಸಾದ ಎಷ್ಟೊತ್ತಿಗೆ?" ಎಂದಿರಿ. ಎರಡನೆಯದು ಬೆಳಗಿತು. ಆಗಲಾದರೂ ಒಂದು ಶಹಬ್ಬಾಸ್ ಬಂತಾ? "ಬೆಳಕೇನೋ ಬಂತು, ಇದ್ರಿಂದ ಎಂತ ಉಪಯೋಗ?" ಎಂದಿರಿ. ನಾನು ಸ್ಕ್ರೀನನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ.

ನೀವು ಠಾಣೆಯ ಹೋಟೆಲಿನ ಕೆಲಸ ಬಿಟ್ಟು ಬಂದ ಸಂಜೆಯನ್ನು ನಾನು ಮರೆತಿಲ್ಲ. ಅಂಗಿಯನ್ನು ಮೊಳೆಗೆ ಸಿಕ್ಕಿಸಿ, ಕಾಲು ತೊಳೆದುಕೊಂಡು ಬಂದು, "ನಾನೇ ಬಿಟ್ಟದ್ದು, ಸಾಕಾಯ್ತು" ಎಂದಿರಿ. ಅಮ್ಮ ಚಹಾ ಕೊಟ್ಟಳು. ನಿಮ್ಮನ್ನು ತೆಗೆದುಹಾಕಿದ್ದೆಂದು ಎಲ್ಲರಿಗೂ ಗೊತ್ತಿತ್ತು. ವೇಟರು ಗರಿಗರಿ ಸಾದಾ ದೋಸೆಗೆ "ಏಕ್ ಸಾದಾ ಕಡಕ್" ಎಂದು ಕೂಗಿದರೆ ನೀವು ಮಸಾಲೆ ದೋಸೆ ಮಡಿಚಿ ಕೊಡುತ್ತಿದ್ದಿರಿ. ಭಟಾರಖಾನೆಯ, ಆ ಹೋಟೆಲ್ ಅಡುಗೆಮನೆಯ, ಫ್ಯಾನು, ಆ ರುಬ್ಬುವ ಮಿಷನ್ನು, ಅವುಗಳ ಗದ್ದಲದಲ್ಲೇ ಅಲ್ಲವೇ ನಿಮ್ಮ ಕಿವಿ ಹೋದದ್ದು? ಯಾರ ಹೋಟೆಲು ಬೆಳೆಯಲಿ ಎಂದು ಹೋಯಿತು ಅದು? "ಕಿವಿ ಇಲ್ಲೇ ಕಳೆದಿದ್ದೇನೆ, ಈಗ ಎಲ್ಲಿಗೆ ಹೋಗಲಿ" ಎಂದು ಒಂದು ಮಾತು ಕೇಳಿದ್ದರೆ... ನೀವು ಕೇಳಲಿಲ್ಲ. ಧಣಿ ಹೋಗಿ ಅಂದರು, ನೀವು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಬಂದಿರಿ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ, ಧಣಿಯ ಮೇಲೆ ಎಷ್ಟೋ ನಿಮ್ಮ ಮೇಲೂ ಅಷ್ಟೇ.

ನೀವು ತೀರಿಕೊಂಡ ವರ್ಷ, ಚೌತಿಗೆ ಚಂದ್ರಣ್ಣ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದಿದ್ದರು. ನಿಮ್ಮ ಪಕ್ಕದಲ್ಲಿ ನಿಂತು ದೋಸೆ ಹುಯ್ಯುವುದನ್ನು ಕಲಿತು, ನಿಮ್ಮ ನಂತರ ಅದೇ ಕಾವಲಿಯ ಮುಂದೆ ನಿಂತ ಚಂದ್ರಣ್ಣ. "ನೀರು ಬೇಕಾ?" ಎಂದು ಕೇಳಿದೆ. "ಹೌದೌದು, ಟ್ರೇನು ಲೇಟು" ಎಂದರು. ಅಮ್ಮ ನನ್ನ ಮುಖ ನೋಡಿದಳು. ಅವರ ಹೆಂಡತಿ ಆಮೇಲೆ ಅಡುಗೆಮನೆಯಲ್ಲಿ ಹೇಳಿದರು, ದೀಪಾವಳಿ ಕಳೆದ ಮೇಲೆ ಬರಬೇಡಿ ಎಂದು ಸಣ್ಣ ಧಣಿ, ಈಗ ಹೋಟೆಲು ನಡೆಸುವ ಧಣಿಯ ಮಗ, ಹೇಳಿದ್ದಾರಂತೆ. ಮಗಳ ಕಾಲೇಜು ಇನ್ನೂ ಮುಗಿದಿಲ್ಲ. ಹೊರಗೆ ಚಂದ್ರಣ್ಣ ಅಮ್ಮನಿಗೆ ಹೇಳುತ್ತಿದ್ದರು, "ನಾನೇ ಬಿಡ್ತೆ ಅತ್ತಿಗೆ, ಸಾಕಾಯ್ತು." ಅದೇ ಮಾತು, ಅಪ್ಪಯ್ಯ. ನಿಮ್ಮದೇ ಬಾಯಿಪಾಠ. ನನಗೆ ಮೈಯೆಲ್ಲ ಉರಿದುಹೋಯಿತು. ಮಂಚದ ಕೆಳಗಿನಿಂದ ಒಂದು ಸ್ಕ್ರೀನ್ ಎಳೆದು, ಹೊತ್ತಿಸಿ, ದೊಡ್ಡದಾಗಿ "ಬಿಡಬೇಡಿ" ಎಂದು ಬರೆದು ಅವರ ಮುಂದೆ ಹಿಡಿದೆ. ಕೂಗಿದ್ದು ಕೇಳದಿದ್ದರೆ ಏನಾಯಿತು, ಬರೆದದ್ದು ಕಾಣುತ್ತದಲ್ಲ?

ಅದೇ ಸ್ಕ್ರೀನನ್ನು ಕಂಕುಳಲ್ಲಿ ಇಟ್ಟುಕೊಂಡು ಸಣ್ಣ ಧಣಿಯ ಮುಂದೆ ಹೋಗಿ ನಿಂತೆ. ಅವರು ಠಾಣೆಯಲ್ಲೇ ಹುಟ್ಟಿದವರು, ಕನ್ನಡ ಅರ್ಧ, ಹಿಂದಿ ಅರ್ಧ. "ಆರ್ಡರೇ ಕೇಳಿಸಲ್ಲ ಅಂದ್ರೆ ಕೈಸೇ ಚಲೇಗಾ? ನಂಗೂ ಬೇಜಾರೇ ಆಗ್ತದೆ" ಎಂದರು. ವೇಟರುಗಳು ತಮ್ಮ ಮೊಬೈಲಿನಲ್ಲಿ ಹಿಂದಿಯಲ್ಲಿ ಒತ್ತುತ್ತಾರೆ, ಕಾವಲಿಯ ಎದುರಿನ ಸ್ಕ್ರೀನಿನಲ್ಲಿ ಕನ್ನಡದಲ್ಲಿ ಬರುತ್ತದೆ, ಚಂದ್ರಣ್ಣನಿಗೆ ಓದಲು ಬರುವುದು ಕನ್ನಡ ಮಾತ್ರ ಎಂದೆ. "ಠೀಕ್ ಹೈ, ದೀಪಾವಳಿ ತನಕ ನೋಡುವ" ಎಂದರು. ಹಬೆ ತಾಗದಂತೆ ಸ್ಕ್ರೀನಿನ ಮುಂದೆ ಗಾಜು ಕೂರಿಸಿ ಗೋಡೆಗೆ ಬಿಗಿದೆ.

ಮೊದಲ ದಿನವೇ ನನ್ನ ಶುದ್ಧ ಕನ್ನಡದ ಹುಚ್ಚು ಎಲ್ಲವನ್ನೂ ಮುಳುಗಿಸಿತ್ತು. ಬೆಂಗಳೂರಿಗೆ ಮದುವೆಗೆಂದು ಹೋದಾಗ ಅಲ್ಲಿನ ಹೋಟೆಲಿನಲ್ಲಿ ಸಾದಾ ದೋಸೆಗೆ "ಖಾಲಿ ದೋಸೆ" ಎಂದು ಬರೆದದ್ದನ್ನು ನೋಡಿದ್ದೆ. ಸಾದಾ ಅನ್ನುವುದು ಹಿಂದಿ, ಖಾಲಿ ಅನ್ನುವುದೇ ಸರಿ ಎಂದುಕೊಂಡು, ಜಾಗ ಉಳಿಯಲಿ ಎಂದು ಬರೀ "ಖಾಲಿ" ಎಂದು ಹಾಕಿದ್ದೆ. ಬೆಳಗಿನ ರಶ್ಶು. ಸ್ಕ್ರೀನಿನಲ್ಲಿ ಖಾಲಿ, ಖಾಲಿ, ಖಾಲಿ ಎಂದು ಸಾಲಾಗಿ ಬರುತ್ತಿದೆ. ಚಂದ್ರಣ್ಣ ಅದನ್ನು ನೋಡಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಆರಾಮಾಗಿ ಕುಳಿತರು. ವೇಟರುಗಳು ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆದರೆ ಕೇಳಬೇಕಾದವರಿಗೆ ಕೇಳುವುದು ಹೇಗೆ? ಸಣ್ಣ ಧಣಿ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ನನ್ನನ್ನು ನೋಡಿದ ನೋಟಕ್ಕೆ... ಬಿಡಿ, ಅದು ನಿಮಗೂ ಪರಿಚಯದ ನೋಟವೇ.

"ಹೆಣೆ, ಖಾಲಿ ಅಂದ್ರೆ ಖಾಲಿ ಅಲ್ದಾ? ಗಿರಾಕಿಯೇ ಇಲ್ಲ ಅಂದ್ಕಂಡೆ" ಎಂದರು ಚಂದ್ರಣ್ಣ. ತಪ್ಪು ತಿಳಿದ ಮೇಲೆ ಅವರೇ ಮೊದಲು ನಕ್ಕರು. "ಹೋಟ್ಲಲ್ಲಿ ಎಂತ ಕೂಗ್ತ್ರೋ ಅದನ್ನೇ ಬರಿ ಮಾರಾಯ್ತಿ" ಎಂದರು. ಅಲ್ಲೇ ಅಕ್ಕಿ ಚೀಲದ ಮೇಲೆ ಕೂತು ತಿದ್ದಿದೆ. ಕನ್ನಡದ ಅಕ್ಷರದಲ್ಲಿ "ಏಕ್ ಸಾದಾ ಕಡಕ್" ಎಂದು ಬಂದದ್ದೇ ತಡ, ಅವರ ಕೈ ಹಿಟ್ಟಿನ ಪಾತ್ರೆಗೆ ಹೋಗಿತ್ತು. "ದೋ ಮೈಸೂರ್" ಬಂತು. "ಏಕ್ ಮಸಾಲಾ" ಬಂತು. ಒಂದೂ ತಪ್ಪಲಿಲ್ಲ. ನನಗೆ ಅಳು ಬಂತು ಅಪ್ಪಯ್ಯ, ಆ ಕಾವಲಿಯ ಮುಂದೆ ನಿಮ್ಮನ್ನೇ ನೋಡಿದ ಹಾಗಾಯಿತು.

ದೀಪಾವಳಿ ಬಂತು, ಹೋಯಿತು. ಚಂದ್ರಣ್ಣ ಹೋಗಲಿಲ್ಲ. ಈಗ ಹೋಟೆಲಿನಲ್ಲಿ ಕೂಗಾಟವೇ ಇಲ್ಲ, ಮಕ್ಕಳು ಮರಿ ಕಟ್ಟಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ ಎಂದು ಸಣ್ಣ ಧಣಿಗೆ ಖುಷಿಯೋ ಖುಷಿ. ಮೊನ್ನೆ ಚಂದ್ರಣ್ಣ ತಂಗಿಯ ಮಗಳ ಮದುವೆಗೆ ಕುಂದಾಪುರಕ್ಕೆ ಹೊರಟಾಗ ಸಣ್ಣ ಧಣಿ ನನ್ನನ್ನು ಕರೆಸಿ ನಯವಾಗಿ ಹೇಳಿದರು, "ಇದನ್ನ ಹಿಂದಿಲಿ ಕರ್ ದೋ ನಾ. ನಾಳೆ ಯಾರು ಬಂದ್ರೂ ಕೆಲ್ಸ ನಡೀಬೇಕಲ್ಲ?" ಯಾರು ಬಂದರೂ! ನನಗೆ ಅರ್ಥವಾಗದ ಮಾತೇ ಅದು? ಹಿಂದಿ ಹಾಕುವುದು ಅರ್ಧ ಗಂಟೆಯ ಕೆಲಸ. "ಆಗುವುದಿಲ್ಲ" ಎಂದೆ. "ಆಗಲ್ವಾ, ಮಾಡಲ್ವಾ?" ಎಂದರು. "ಮಾಡಲ್ಲ" ಎಂದೆ.

ಬದಲಿಗೆ ಬಂದ ಅಡುಗೆಯವನಿಗೆ ಆ ಅಕ್ಷರ ಗೊತ್ತಿಲ್ಲ. ವೇಟರುಗಳು ಮತ್ತೆ ಗಂಟಲು ಹರಿದುಕೊಳ್ಳುತ್ತಿದ್ದಾರೆ, ಗಿರಾಕಿಗಳು ಗೊಣಗುತ್ತಿದ್ದಾರೆ. ನಿನ್ನೆ ಸಣ್ಣ ಧಣಿಯೇ ಫೋನ್ ಮಾಡಿದರು. "ಚಂದ್ರಣ್ಣ ಕಬ್ ಆಯೇಂಗೆ? ಸ್ವಲ್ಪ ಕೇಳಿ ಹೇಳ್ತೀಯಾ?"

"ರಜೆ ಮುಗಿಸಿಯೇ ಬರುತ್ತಾರೆ. ಅಲ್ಲಿಯವರೆಗೆ ಕಾಯಬೇಕು" ಎಂದೆ.

ಆ ಕಡೆಯಿಂದ, "ಹಾಂ ಹಾಂ, ಕಾಯ್ತೇನೆ" ಎಂದರು.

ಕೇಳಿಸಿತಾ ಅಪ್ಪಯ್ಯ? ಕಾಯ್ತಾರಂತೆ.