ಇಲಿ ಕಡಿದ ಸೀರೆ

ಬಾಗಲಕೋಟೆ, ಜನವರಿ 1984

ಇಳಕಲ್ಲಿನ ನಮ್ಮವ್ವನಿಗೆ ದಾನಮ್ಮನ ಶರಣು.

“ಸಾಹುಕಾರ ವಾಪಸ್ ಕೊಟ್ಟ ಸೀರಿ ಯಾರಿಗೆ ತೋರಸ್ತೀಯವ್ವ?” ಎಂದು ಬೈದಿದ್ದೆಯಲ್ಲ, ಆ ಸೀರೆಗೇ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಿದೆ!

ನೂಲಿಗೆ ಹಚ್ಚಿದ ಗಂಜಿಯ ವಾಸನೆಗೆ ಬಂದ ಇಲಿಗಳು ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳನ್ನು ಅರ್ಧಕ್ಕರ್ಧ ಕಡಿದಿದ್ದವು. ನೀನು ಅತ್ತುಬಿಟ್ಟೆ. ಆಮೇಲೆ ಖಾಲಿ ಜಾಗಕ್ಕೆ ಮನೆಯಲ್ಲಿ ಮಿಕ್ಕಿದ್ದ ಕೆಂಪು ಎಳೆ ಕಟ್ಟಿ ಸೆರಗಿನವರೆಗೂ ನೇಯ್ದೆ. ನಡುವೆ ಬಣ್ಣ ಬೇರೆಯಾಯಿತೆಂದು ಸಾಹುಕಾರ ಅದನ್ನು ವಾಪಸ್ ಕೊಟ್ಟ.

ನಾನು ಆ ಸೀರೆಯನ್ನು ಗೋಡೆಯುದ್ದಕ್ಕೂ ಕಟ್ಟಿ, ಭೂಮಿಯ ಮೇಲಿನ ಜೀವಗಳ ಕಥೆ ಇದೇ ಎಂದೆ. ಎಳೆ ಕಡಿದಲ್ಲಿ ದೈತ್ಯ ಡೈನೋಸಾರ್‌ಗಳೂ ಲೆಕ್ಕವಿಲ್ಲದಷ್ಟು ಬೇರೆ ಜೀವಗಳೂ ಅಳಿದವು ಎಂದು ತೋರಿಸಿದೆ.

ಧಾರವಾಡದಿಂದ ಬಂದಿದ್ದ ಪರೀಕ್ಷಕರು, “ಅಷ್ಟೆಲ್ಲ ಸತ್ತಮ್ಯಾಲೆ ನಾವು ಎಲ್ಲಿಂದ ಬಂದ್ವಿ, ತಂಗಿ?” ಎಂದು ಕೇಳಿದರು.

“ಜಾಗ ಖಾಲಿ ಆತಲ್ರಿ ಸರ್, ಅದಕ್ಕ ಬಂದ್ವಿ. ಇಲಿಯಂಥಾ ಸಣ್ಣ ಪ್ರಾಣಿ ಉಳಕೊಂಡಿದ್ವು. ಅವುಗಳ ವಂಶ ಬೆಳೀತು. ಈ ಕೆಂಪು ಪಟ್ಟಿ ಅಂದ್ರ ನಾವು ನೋಡ್ರಿ” ಎಂದೆ.

ಅವರು ಎದ್ದು ಬಂದು ಆ ಪಟ್ಟಿಯನ್ನು ಮುಟ್ಟಿ ನೋಡಿ, ನೇಯ್ದವರ ಹೆಸರು ಕೇಳಿದರು. ಇಡೀ ಹಾಲಿಗೆ ಕೇಳುವಂತೆ ಹೇಳಿದೆ: “ಗುರುಲಿಂಗವ್ವ, ನಮ್ಮವ್ವ!”

ಇನ್ನು ಮೇಲೆ ಇಲಿಗಳಿಗೆ ಶಾಪ ಹಾಕಬೇಡ. ದೂರದ ಸಂಬಂಧಿಕರು ಅವು.

ಭಾನುವಾರ ಬಹುಮಾನ ಕೊಡುತ್ತಾರೆ. ಮುಂಜಾನೆಯ ಬಸ್ಸಿಗೇ ಬಾ. ಮದುವೆ ಸೀರೆ ತರಬೇಡ, ಇಲ್ಲಿ ಇದನ್ನೇ ಉಡಬೇಕು. ನಾಚಿಕೊಂಡು ಕೆಂಪು ಪಟ್ಟಿಯನ್ನು ನಿರಿಗೆಯೊಳಗೆ ಮುಚ್ಚಿಡಬೇಡ. ಎಲ್ಲರಿಗೂ ಅದೇ ಮೊದಲು ಕಾಣಬೇಕು.

ಬಸ್ ನಿಲ್ದಾಣದಲ್ಲಿ ಕಾಯುವ ನಿನ್ನ ಮಗಳು,
ದಾನಮ್ಮ