ಹನ್ನೊಂದು ಜನರ ಮೆರವಣಿಗೆ

ಮಾರ್ಚ್ ೧೪, ಗುರುವಾರ

ಭಾವನ ಎರಡು ಹಲ್ಲು ಇನ್ನೂ ನನ್ನ ಕರವಸ್ತ್ರದಲ್ಲಿವೆ. ಎಸೆಯಲು ಕೈ ಬರುತ್ತಿಲ್ಲ.

ಐದು ಜನ ಒಟ್ಟಿಗೆ ಸೇರಬಾರದೆಂಬ ಹೊಸ ಆದೇಶ ಪ್ರವಾಸಿಗರಿಗೂ ತಗುಲುತ್ತದೆಂದು ನಮ್ಮ ಟೂರ್ ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೈಡ್ ಆದ ಭಾವ ಎಂದಿನಂತೆ ಕೋಲಿಗೆ ಕೆಂಪು ಬಾವುಟ ಕಟ್ಟಿ, ಎತ್ತಿ ಹಿಡಿದು, ಹನ್ನೊಂದು ವಿದೇಶಿಯರನ್ನು ಕಚೇರಿ ಎದುರಿನ ಚೌಕಕ್ಕೆ ಕರೆತಂದರು.

"ಏಯ್ ಲೀಡರ್, ಮೆರವಣಿಗೆನಾ?" ಎಂದ ಪೊಲೀಸನೊಬ್ಬ ಅದೇ ಕೋಲು ಕಿತ್ತುಕೊಂಡು ಅವರ ಬಾಯಿಗೆ ಬೀಸಿದ. ಬಿದ್ದ ಮೇಲೂ ನಾಲ್ವರು ಬೂಟುಗಾಲಲ್ಲಿ ತುಳಿದರು. ವಿದೇಶಿಯರನ್ನು ಯಾರೂ ಮುಟ್ಟಲಿಲ್ಲ. ನಾನು ಕಚೇರಿಯ ಗಾಜಿನ ಹಿಂದೆ ನಿಂತು ನೋಡಿದೆ. ಕೂಗಲೂ ಇಲ್ಲ.

ಸಂಜೆ, ಮುಂದಿನ ವಾರ ಬರಬೇಕಿದ್ದ ಮೂವತ್ತು ಜನರು ಊರು ಹೇಗಿದೆಯೆಂದು ಕೇಳಿದ ಮೇಲ್ ಬಂತು. ಚುನಾವಣೆ ರದ್ದಾದ ಮೇಲೆ ನಮಗುಳಿದಿದ್ದ ಬುಕಿಂಗ್ ಅದೊಂದೇ.

"ಎಲ್ಲ ಶಾಂತ ಅಂತ ಚೆನ್ನಾಗಿ ಬರೀಮ್ಮ, ಸಾಹಿತ್ಯ ಓದಿದೋಳು ನೀನು" ಎಂದರು ಮ್ಯಾನೇಜರ್.

ಕಂಡದ್ದನ್ನೆಲ್ಲ ಬರೆದೆ. ಬರಬೇಡಿ ಎಂದೂ ಬರೆದು ಕಳಿಸಿಬಿಟ್ಟೆ.

ಆಸ್ಪತ್ರೆಯಲ್ಲಿ ಭಾವ ಊದಿದ ತುಟಿಯಲ್ಲೇ ಕೇಳಿದರು: "ಆ ಮೂವತ್ತು ಜನ ಬರ್ತಾರೆ ತಾನೇ? ಅವರೂ ಕೈಕೊಟ್ರೆ ಆಫೀಸ್ ಬಾಗಿಲು ಹಾಕ್ತಾರಂತೆ. ನಾವೆಲ್ಲ ಬೀದಿಗೇ."

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬರ್ತಾರೆ ಭಾವ" ಎಂದೆ.

ಅವರು ನಗಲು ಹೋಗಿ ಮತ್ತೆ ರಕ್ತ ಉಗುಳಿದರು.