ಕೆರೆದು ತೆಗೆದ ಮೇಣ

ಫಕೀರೇಶ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಆದರೂ ನಡೆದದ್ದನ್ನು ನಿನಗೆ ತಿಳಿಸಬೇಕು.

ನಮ್ಮ ಜಗಳದ ನಂತರ ಗದಗಕ್ಕೆ ಹೊರಟಾಗ ನೀನು ಕೆಂಗೇರಿಯ ಈ ತಾರಸಿಯಲ್ಲಿ ಬಿಟ್ಟುಹೋದ ಜೇನುಪೆಟ್ಟಿಗೆಯನ್ನು ಹೋದ ವಾರ ದುರಸ್ತಿ ಮಾಡಿದೆ. ಸೀಳಿದ್ದ ಮುಚ್ಚಳಕ್ಕೆ ಹೊಸ ಹಲಗೆ ಕೂಡಿಸಿ, ಹಳೆಯ ಮೇಣವನ್ನೆಲ್ಲ ಕೆರೆದು, ಒಳಗೂ ಹೊರಗೂ ಉಪ್ಪುಕಾಗದದಿಂದ ಉಜ್ಜಿದೆ. ಒಂದು ಕಲೆಯೂ ಉಳಿಯಲಿಲ್ಲ. ನಿನ್ನೆ ಪಕ್ಕದ ಹೊಂಗೆ ಮರಕ್ಕೆ ಜೇನಿನ ಹಿಂಡೊಂದು ಬಂದು ಕುಳಿತಿತ್ತು. ಕೆಲವು ಹುಳುಗಳು ಪೆಟ್ಟಿಗೆಯ ಬಾಗಿಲಲ್ಲಿ ಇಣುಕಿ ಹಿಂದಿರುಗಿದವು.

"ಆಪರೇಷನ್ ಥಿಯೇಟರ್ ಥರ ಮಾಡಿಟ್ರೆ ಯಾರ್ರೀ ಬರ್ತಾರೆ?" ಎಂದು ಕುಸುಮಾ ನಕ್ಕಳು.

ಆಗ ನಿನ್ನ ಮಾತು ನೆನಪಾಯಿತು: "ಎಲ್ಲಾ ಕೆರೀಬ್ಯಾಡೋ ಮಾರಾಯ, ಹಳೀ ವಾಸನಿ ಇದ್ರನ ಹುಳ ಬರ್ತಾವ." ಎಸೆಯಲು ಕಟ್ಟಿಟ್ಟಿದ್ದ ಮೇಣವನ್ನು ಬಿಚ್ಚಿ, ಕರಗಿಸಿ, ಒಳಗೋಡೆಗಳಿಗೆ ಮತ್ತೆ ಸವರಿದೆ.

ಇಂದು ಬೆಳಿಗ್ಗೆ ಹಿಂಡು ಪೆಟ್ಟಿಗೆಯನ್ನು ಹೊಕ್ಕಿತು.

"ಫಕೀರೇಶಣ್ಣಂಗೆ ಫೋನ್ ಮಾಡಿ ಹೇಳ್ರೀ," ಎಂದಳು ಕುಸುಮಾ.

ನಂಬರ್ ಬದಲಾಗಿರಬಹುದು ಎಂದೆ. ಅವಳು ಒತ್ತಾಯಿಸಲಿಲ್ಲ. ನಿನ್ನ ನಂಬರನ್ನು ನಾನು ಫೋನಿನಿಂದ ಅಳಿಸಿದ್ದು ಅವಳಿಗೆ ಗೊತ್ತು. ಅದು ನನಗೆ ಇನ್ನೂ ಬಾಯಿಪಾಠವಿರುವುದು ಅವಳಿಗೆ ಗೊತ್ತಿಲ್ಲ.